ಮರಳಿನಲ್ಲಿಟ್ಟ ಅಗ್ನಿಶಿಖೆ

ಸಾಸವಡ ರಸ್ತೆ, ಪುಣೆ
19 ಜನವರಿ 2025

ಅವ್ವಾ,

ನೀನು ಕೇಳಿದ ಲಿಲ್ಲಿ ಗಡ್ಡೆಗಳನ್ನು ತಾಯಪ್ಪ ಕಾಕಾನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಇವತ್ತು ಸಂಜೆಯ ಬಸ್ಸಿಗೆ ಊರಿಗೆ ಹೊರಟಿದ್ದಾನೆ. ಚೀಲದಲ್ಲಿ ಸುಗಂಧರಾಜದ ಗಡ್ಡೆಯೂ ಮಳೆ ಲಿಲ್ಲಿಯ ಸಣ್ಣ ಗಡ್ಡೆಯೂ ಇವೆ. ನೋಡಲು ಉಳ್ಳಾಗಡ್ಡಿಯಂತಿವೆ, ಅಡುಗೆಮನೆಯಲ್ಲಿ ಮಾತ್ರ ಇಡಬೇಡ. ನಮ್ಮ ಅಂಗಳದ ಗರಸು ಮಣ್ಣಿನಲ್ಲಿ ಏನೂ ಏಳುವುದಿಲ್ಲ ಎಂದು ಹಲುಬುತ್ತೀಯಲ್ಲ, ನಾವು ಕೆಲಸ ಮಾಡುವ ಈ ನರ್ಸರಿಯ ನೆಲ ಅದಕ್ಕಿಂತ ಕಡೆ. ಬರೀ ಮುರುಂ ಕಲ್ಲು, ಗುದ್ದಲಿ ಹಾಕಿದರೆ ಠಣ್ಣೆನ್ನುತ್ತದೆ. ಆದರೂ ಹೂವು ಬರುತ್ತವೆ. ಶಿವರಾತ್ರಿ ಕಳೆದ ಮೇಲೆ ಗೇಣುದ್ದ ಅಗೆದು, ಮಣ್ಣಿಗೆ ಮರಳನ್ನೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಕಲಸಿ ನೆಡು. ಮೇಲೆ ಒಣ ಎಲೆ ಹೊದಿಸು. ನಿನ್ನ ಕೈ ಸುಮ್ಮನಿರುವ ಕೈಯಲ್ಲ, ದಿನಾ ಕೊಡ ಹಿಡಿದು ನಿಂತುಬಿಡುತ್ತೀಯ. ಚಿಗುರು ಕಾಣುವ ತನಕ ಹಾಗೆ ಮಾಡಬೇಡ, ಗಡ್ಡೆ ಕೊಳೆಯುತ್ತದೆ.

ನೀನು ಅಗ್ನಿಶಿಖೆಯ ಗಡ್ಡೆಯನ್ನೂ ಕೇಳಿದ್ದೆ. ಅದನ್ನು ಕಳಿಸುತ್ತಿಲ್ಲ. ಯಾಕೆಂದು ಹೇಳುವುದಕ್ಕೇ ಈ ಪತ್ರ. ಫೋನಿನಲ್ಲಿ ಆಗುವ ಮಾತಲ್ಲ, ಇರುವುದು ಒಂದೇ ಖೋಲಿ, ಅತ್ತೆ ಸದಾ ಪಕ್ಕದಲ್ಲೇ ಇರುತ್ತಾರೆ.

ಅವ್ವಾ, ನನಗೆ ಭಯವಾಗಿದೆ. ದಿನ ತುಂಬಿದ ಬಸುರಿಗೆ ಹೆರಿಗೆಯ ಭಯ ಇದ್ದದ್ದೇ, ನಾನು ಅದಕ್ಕಿಂತ ಹೆಚ್ಚಾಗಿ ಅತ್ತೆಯ ಪ್ರೀತಿಗೆ ಹೆದರಿದ್ದೇನೆ.

ಗೌರಿ ಹಬ್ಬಕ್ಕೆ ಇಲ್ಲಿಯವರು ಅಗ್ನಿಶಿಖೆಯ ಕೆಂಪು ಹಳದಿ ಹೂವನ್ನು ಹುಡುಕಿಕೊಂಡು ಬರುತ್ತಾರೆ. ಅದಕ್ಕೇ ಮಾಲಕರು ಬೇಲಿಯುದ್ದಕ್ಕೂ ಆ ಬಳ್ಳಿ ಹಬ್ಬಿಸಿದ್ದಾರೆ. ಬಳ್ಳಿ ಒಣಗಿದ ಮೇಲೆ ನಾನೇ ಗಡ್ಡೆ ಕಿತ್ತು, ಒಣ ಮರಳು ತುಂಬಿದ ಡಬ್ಬಿಯಲ್ಲಿ ಹೂತಿಟ್ಟೆ. ಮುಟ್ಟಿದರೆ ಕೈ ತೊಳೆದುಕೊಳ್ಳಬೇಕು, ಅದು ವಿಷ ಎಂದು ಮಾಲಕರು ಮೊದಲೇ ಹೇಳಿದ್ದರು. ಹೋದ ವರ್ಷ ಪಕ್ಕದವರ ಆಡು ಒಂದು ಗಡ್ಡೆ ತಿಂದು, ಮರುದಿನ ಕಾಲು ಚಾಚಿ ಬಿದ್ದಿತ್ತು. ಅತ್ತೆ ಆಗ ಊರಲ್ಲಿದ್ದರು, ಅದನ್ನು ನೋಡಲಿಲ್ಲ.

ಅತ್ತೆಯ ಪಾಲಿಗೆ ಅದು ಹೆರಿಗೆಯ ಗಡ್ಡೆ. ಅವರ ತವರಿನ ಕಡೆ ನೋವು ಶುರುವಾದೊಡನೆ ಬಸುರಿಯ ತೊಡೆಗೆ ಅದನ್ನು ಕಟ್ಟುತ್ತಾರಂತೆ, ಕೂಸು ಹೊರಗೆ ಬಂದ ತಕ್ಷಣ ಬಿಚ್ಚಿ ಎಸೆಯುತ್ತಾರಂತೆ. ಅತ್ತೆ ಇವರನ್ನು ಹಡೆದದ್ದೂ ಹಾಗೆಯೇ. ಕಟ್ಟುವುದಷ್ಟೇ ಆಗಿದ್ದರೆ ನಾನು ಕಾಲು ಚಾಚಿ ಸುಮ್ಮನಿರುತ್ತಿದ್ದೆ. ಆದರೆ ನರ್ಸರಿಯಲ್ಲಿ ಕಳೆ ಕೀಳುವ ಸಾವಿತ್ರಿಬಾಯಿ, ಹಾಲಿನಲ್ಲಿ ತೇಯ್ದು ಕುಡಿಸಿದರೆ ಇನ್ನೂ ಬೇಗ ಹೆರಿಗೆಯಾಗುತ್ತದೆ ಎಂದು ಅತ್ತೆಯ ತಲೆಗೆ ತುಂಬಿದ್ದಾರೆ. ಹರ್ಷಾ ಹುಟ್ಟುವಾಗ ನಾನು ನಿನ್ನ ಮನೆಯಲ್ಲಿ ಎಷ್ಟು ಒದ್ದಾಡಿದೆ ಎನ್ನುವುದನ್ನು ಅತ್ತೆ ಕಣ್ಣಾರೆ ಕಂಡವರು. ಈ ಸಲ ನನ್ನ ಸೊಸಿಗಿ ಅಷ್ಟು ತ್ರಾಸ ಆಗಬಾರದು ಅಂತ ಬಂದವರಿಗೆಲ್ಲ ಹೇಳುತ್ತಾರೆ.

ಮೊನ್ನೆ ಮರಳು ಕೆದಕಿ ನೋಡಿದೆ, ಒಂದು ಗಡ್ಡೆ ಕಡಿಮೆ. ಕೇಳಿದರೆ, ನಾ ತೆಗದಿಟ್ಟೀನಿ, ನಿನಗ್ಯಾಕ ಅದರ ಉಸಾಬರಿ ಅಂದರು. ಜೋಳದ ಚೀಲ, ದೇವರ ಗೂಡು, ಅವರ ಟ್ರಂಕು, ಎಲ್ಲ ಕದ್ದು ಹುಡುಕಿದೆ. ಸಿಗಲಿಲ್ಲ. ಈಗ ತಟ್ಟೆ ಮುಂದೆ ಬಂದರೆ ಮೊದಲು ಮೂಸುತ್ತೇನೆ. ವಾಸನೆ ಆಗದು ಎಂದು ಸುಳ್ಳು ಹೇಳಿ ಹಾಲು ಕುಡಿಯುವುದನ್ನೇ ಬಿಟ್ಟೆ. ಸೊಂಟ ಹಿಡಿದರೂ ಹಲ್ಲು ಕಚ್ಚಿ ನಗುತ್ತಿರುತ್ತೇನೆ, ನೋವು ಬಂತೆಂದು ಅವರಿಗೆ ತಿಳಿಯಬಾರದಲ್ಲ.

ಇವರಿಗೆ ಹೇಳಿ ನೋಡಿದೆ. ನಮ್ಮವ್ವ ನಿನಗ ಕೆಟ್ಟದ್ದು ಮಾಡ್ತಾಳೇನು ಅಂತ ಮುಖ ಊದಿಸಿಕೊಂಡರು. ದಿನಾ ನನ್ನ ಕಾಲು ಒತ್ತಿ ಮಲಗಿಸುವ ಹೆಂಗಸಿನ ಮುಂದೆ ವಿಷ ಎನ್ನುವ ಮಾತನ್ನು ಹೇಗೆ ಎತ್ತಲಿ, ನೀನೇ ಹೇಳು. ಅತ್ತಿ, ಅದನ್ನ ಕುಡ್ಯಾಕ ನನಗ ಅಂಜಿಕಿ ಬರ್ತದ್ರಿ ಅಂತಷ್ಟೇ ಅಂದೆ. ಕಹಿ ಔಷಧಿಗೆ ಮಕ್ಕಳು ಹೆದರುತ್ತಾರಲ್ಲ, ಹಾಗೆ ಎಂದುಕೊಂಡರೋ ಏನೋ, ನಾ ಅದೀನಲ್ಲ ಅಂತ ತಲೆ ಸವರಿದರು.

ಪತ್ರ ಕೈಗೆ ಬಂದ ಕೂಡಲೇ ನೀನು ಅವರಿಗೆ ಫೋನ್ ಮಾಡು. ಬೀಗತಿಯ ಮಾತನ್ನು ಅವರು ತೆಗೆದುಹಾಕುವುದಿಲ್ಲ. ನಾನು ಬರೆದೆ ಎನ್ನಬೇಡ. ನಮ್ಮೂರಲ್ಲಿ ಯಾರೋ ಹಾಗೆ ಕುಡಿದು ಸತ್ತರು ಎಂದು ಬೇಕಾದರೆ ಸುಳ್ಳು ಹೇಳು. ನನಗೆ ಬದುಕಬೇಕಾಗಿದೆ ಅವ್ವಾ, ಹರ್ಷಾ ಇನ್ನೂ ಚಿಕ್ಕವಳು.

ನಿನ್ನ ಫೋನಿನ ದಾರಿಯನ್ನೇ ಕಾಯುತ್ತಿರುವ ಮಗಳು,
ಶೀತಲ

ವಿ.ಸೂ.: ಇದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ತಾಯಪ್ಪ ಕಾಕಾ ಇಲ್ಲಿಗೇ ಬಂದಿದ್ದಾನೆ. ನನಗೇನೂ ಆಗಿಲ್ಲ, ಕೂಸು ಒಳಗೆ ಒದೆಯುತ್ತಿದೆ. ಮಧ್ಯಾಹ್ನ ಪತ್ರ ಮಡಿಚಿ ಏಳುವಾಗ ಸೊಂಟ ಹಿಡಿದುಕೊಂಡದ್ದನ್ನು ಅತ್ತೆ ನೋಡಿಬಿಟ್ಟರು. ಲೋಟದಲ್ಲಿ ಹಾಲು ತಂದರು. ನಾನು ಬಾಯಿ ಬಿಗಿಹಿಡಿದು ಅಳತೊಡಗಿದೆ. ಸಣ್ಣ ಹುಡುಗಿಗತೆ ಅಂಜತಿ ನೋಡು, ಮೊದಲ ನಾ ಕುಡದು ತೋರಸ್ತೀನಿ ಅಂದು, ನಾನು ಕೈ ಹಿಡಿಯುವಷ್ಟರಲ್ಲಿ ಅರ್ಧ ಲೋಟ ಕುಡಿದುಬಿಟ್ಟರು. ವಿಷ ಎಂದು ನಾನು ಕಿರುಚಿದ್ದು ಆಮೇಲೆ. ಈಗ ಒಳಗೆ ಸಲಾಯಿನ್ ಹಚ್ಚಿಸಿಕೊಂಡು ಮಲಗಿ, ನೋಡು, ನನಗೇನಾರ ಆತೇನು, ಸುಮ್ಮನ ಅಂಜಿದಿ ಅಂತ ನಗುತ್ತಿದ್ದಾರೆ. ಈ ವಿಷ ತನ್ನ ಗುಣ ತೋರಿಸಲು ಕೆಲವು ಗಂಟೆ ಹಿಡಿಯುತ್ತದೆ ಎಂದು ಡಾಕ್ಟರು ನನಗೆ ಹೇಳಿದ್ದಾರೆ. ಅತ್ತೆಗೆ ಹೇಳಿಲ್ಲ.