ಕುರಿಯ ಗುರುತು ಬಿದ್ದ ಪುಸ್ತಕ

ಗ್ರಂಥಾಲಯಗಳ ಮೇಲಧಿಕಾರಿಗಳಾದ ಮಾನ್ಯರೇ,

ನೀವು ಹುಡುಕಿಸುತ್ತಿರುವ ಕಾದಂಬರಿಯನ್ನು ಕದ್ದವನು ನಾನು. ಆರು ವರ್ಷದಿಂದ ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತಿರುವುದು ಪಾಪ ಕಳೆಯಲಿ ಎಂದಲ್ಲ. ನನ್ನ ಕಳ್ಳತನಕ್ಕೆ ನೀವು ನಮ್ಮೂರ ಶಾಖೆಯ ಸಹಾಯಕ ಓಬಳೇಶಪ್ಪನವರನ್ನು ಕೆಲಸದಿಂದ ತೆಗೆದಿದ್ದೀರಿ.

ನಮ್ಮ ಸೀಮೆಯ ಕಾದಂಬರಿಕಾರ್ತಿಗೆ ಹೊರದೇಶದ ದೊಡ್ಡ ಪ್ರಶಸ್ತಿ ಬಂದ ಮೇಲೆ ನಿಮ್ಮ ಕಚೇರಿಗೆ ಅವರ ಪುಸ್ತಕದ ನೆನಪಾಯಿತು. ಸನ್ಮಾನದ ವೇದಿಕೆಯಲ್ಲಿಡಲು ನಮ್ಮೂರ ಶಾಖೆಯ ಪ್ರತಿ ಬೇಕಾಯಿತು. ಪಟ್ಟಿಯಲ್ಲಿತ್ತು, ಕಪಾಟಿನಲ್ಲಿರಲಿಲ್ಲ. ಹತ್ತೊಂಬತ್ತು ವರ್ಷ ಬೀಗ ತೆಗೆದು, ಕಸ ಗುಡಿಸಿ, ಹರಿದ ಹಾಳೆಗಳಿಗೆ ಅಂಟು ಹಚ್ಚಿದ ಸಹಾಯಕನನ್ನು ಒಂದೇ ಸಂಜೆ, ಬಾಯಿಮಾತಿನಲ್ಲೇ, ಮನೆಗೆ ಕಳಿಸಿದಿರಿ. ಪ್ರಶಸ್ತಿ ಬರದಿದ್ದರೆ ಆ ಪುಸ್ತಕ ಕಾಣೆಯಾದದ್ದು ನಿಮಗೆ ಗೊತ್ತಾಗುತ್ತಿತ್ತೇ?

ನಮ್ಮದು ಐಮಂಗಲದಾಚೆಯ ಹಟ್ಟಿ, ಕುರಿ ಕಾಯುವ ಮನೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ. ಸದಸ್ಯನಾಗಲು ಕಂದಾಯ ಕಟ್ಟುವ ಒಬ್ಬರ ಸಹಿ ಬೇಕೆಂದಿತು ನಿಮ್ಮ ನಿಯಮ. ಅರ್ಧ ವರ್ಷ ಯಾರದೋ ಹೊಲದಲ್ಲಿ ಮಂದೆ ನಿಲ್ಲಿಸುವವರಿಗೆ ಯಾರು ಜಾಮೀನು ನಿಲ್ಲುತ್ತಾರೆ? ಆ ಕಾದಂಬರಿಯನ್ನು ಕೇಳಿ ತೆಗೆಸಿಕೊಂಡು, ಗ್ರಂಥಾಲಯದಲ್ಲೇ ಕುಳಿತು ನಲವತ್ತು ಪುಟ ಓದಿದೆ. ಮರುದಿನ ಮಂದೆ ಹೊರಡುವುದಿತ್ತು. ಪುಸ್ತಕವನ್ನು ಅಂಗಿಯೊಳಗಿಟ್ಟುಕೊಂಡು ಬಂದೆ.

ತಿರುಗಿ ಕೊಡಬೇಕೆಂದೇ ಇದ್ದೆ. ಆದರೆ ಹೊರಡುವ ಮುನ್ನ ನಾವು ಕುರಿಗಳ ಬೆನ್ನಿಗೆ ಎರಡು ಕೆಂಪು ಗೆರೆ ಹಾಕುತ್ತೇವೆ, ಬೇರೆ ಮಂದೆಯೊಳಗೆ ಬೆರೆತರೂ ಗೊತ್ತಾಗಲೆಂದು. ಜೊತೆಗೆ ಬರುವ ಕಂಬಳಿ, ಕೊಡ, ಚೀಲಗಳಿಗೂ ಅದೇ ಗುರುತು. ಕೈಯಲ್ಲಿ ಬಣ್ಣವಿತ್ತು, ರೂಢಿಯಂತೆ ಪುಸ್ತಕದ ಮೇಲೂ ಎಳೆದುಬಿಟ್ಟೆ. ಮಳೆಗೂ ಹೋಗದ ಬಣ್ಣ. ಇನ್ನೊಬ್ಬರ ಕುರಿಗೆ ತನ್ನ ಗುರುತು ಹಾಕಿದವನನ್ನು ನಮ್ಮಲ್ಲಿ ಯಾರೂ ಒಲೆಯ ಹತ್ತಿರ ಕೂರಿಸುವುದಿಲ್ಲ. ಆಮೇಲೆ ನಿಮ್ಮ ಬಾಗಿಲಿಗೆ ಬರಲು ಮುಖವಿರಲಿಲ್ಲ.

ಹನ್ನೊಂದು ಸಲ ಓದಿದೆ. ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದ ಸೂಲಗಿತ್ತಿಯನ್ನು ಒಂದು ನಾಮಕರಣಕ್ಕೂ ಯಾರೂ ಕರೆಯದ ಕಥೆ. ಪ್ರಶಸ್ತಿಯ ಸುದ್ದಿ ಬಂದ ದಿನ ಹಿರಿಯೂರಿನ ಟೀ ಅಂಗಡಿಯಲ್ಲಿ ಸಿಹಿ ಹಂಚುತ್ತಿದ್ದರು. “ಏನ್ ಕಥೆನಪ್ಪ ಅದು?” ಎಂದು ಒಬ್ಬರು ಕೇಳಿದರು. “ಯಾರಿಗ್ಗೊತ್ತು ಬಿಡ್ರಿ, ಫಾರಿನ್‌ನೋರು ಓದ್ಯವ್ರಲ್ಲ, ಸಾಕು” ಎಂದು ಇನ್ನೊಬ್ಬರು ನಕ್ಕರು. ನನಗೆ ಗೊತ್ತಿತ್ತು. ಹೇಳಿದರೆ, ಎಲ್ಲಿ ಓದಿದೆ ಎಂದು ಕೇಳುತ್ತಾರೆ. ಕೊಟ್ಟ ಸಿಹಿಯನ್ನು ಬಾಯಿಗೆ ಹಾಕಿಕೊಂಡೆ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಬಯಲಲ್ಲೂ ನಿಂತವನಲ್ಲ.

ಮೊನ್ನೆ ಓಬಳೇಶಪ್ಪನವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ.

“ಅಂಗಿಯಾಗೆ ಇಟ್ಕಂಡಿದ್ದು ಕಂಡಿದ್ದೆ ಕಣಲೇ” ಎಂದರು.

“ಮತ್ಯಾಕಣ್ಣ ಹಿಡೀಲಿಲ್ಲ?”

“ಅದನ್ನ ಕೇಳ್ಕಂಡು ಬಂದೋನು ನೀನೊಬ್ನೇ. ಇಲಿಗೆ ಬಿಡೋ ಬದ್ಲು ನಿಂಗೆ ಬಿಟ್ಟೆ. ಅದಿರ್ಲಿ, ಏನೈತೆ ಅದ್ರಾಗೆ? ಹೇಳು.”

ಆರು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ಇಡೀ ಕಥೆ ಹೇಳಿದೆ. ಅವರು ಕಂಡದ್ದನ್ನೂ ಈ ಪತ್ರದಲ್ಲಿ ಬರೆಯಲೇ ಎಂದು ಕೇಳಿದ್ದಕ್ಕೆ, “ಬರಿ. ಅರ್ಧ ಬರೆದ್ರೆ ಅದೂ ಸುಳ್ಳೇ” ಎಂದರು.

ಪುಸ್ತಕ ಹಿಡಿದು ಕಚೇರಿಗೂ ಹೋದೆ. ಎರವಲು ಕೊಟ್ಟ ದಾಖಲೆಯೇ ಇಲ್ಲದ ಪುಸ್ತಕವನ್ನು ವಾಪಸು ಪಡೆಯಲು ಬರುವುದಿಲ್ಲವಂತೆ. ಕಳೆದುಹೋದದ್ದಕ್ಕೆ ಮನುಷ್ಯನನ್ನು ತೆಗೆಯಲು ಬರುತ್ತದೆ, ಸಿಕ್ಕಿದ್ದನ್ನು ಕಪಾಟಿನಲ್ಲಿಡಲು ಬರುವುದಿಲ್ಲ. ಇದ್ಯಾವ ನ್ಯಾಯ, ಮಾನ್ಯರೇ?

ನಿಮ್ಮ ಕಡತದಲ್ಲಿ ಕಳ್ಳನ ಹೆಸರಿನ ಜಾಗಕ್ಕೆ ನನ್ನ ಹೆಸರು ಬರೆಯಿರಿ. ಓಬಳೇಶಪ್ಪನವರ ಕೈಗೆ ಗ್ರಂಥಾಲಯದ ಬೀಗದ ಕೈ ಮರಳಿ ಕೊಡಿ, ಈ ಸಲ ಬರಹದಲ್ಲಿ. ಪುಸ್ತಕ ಅವರ ಮನೆಯಲ್ಲಿದೆ. ನನ್ನ ಮೇಲೆ ದೂರು ಕೊಡುವುದಾದರೆ ಕೊಡಿ, ಕರೆದಲ್ಲಿಗೆ ಬರುತ್ತೇನೆ.

ಇಂತಿ,
ನಿಮ್ಮ ಸದಸ್ಯರ ಪಟ್ಟಿಯಲ್ಲಿಲ್ಲದ ಓದುಗ,
ಗೊಲ್ಲಪ್ಪನ ಮಗ ರಂಗೇಶ್

ನಾಳೆ ಬೆಳಗ್ಗೆ ಮಂದೆ ಹೊರಡುತ್ತದೆ. ನಾನೂ ಹೊರಡುತ್ತೇನೆ. ಕರೆಯುವುದಾದರೆ ಓಬಳೇಶಪ್ಪನವರ ಕೈಲಿ ಹೇಳಿ ಕಳಿಸಿ, ಮಂದೆ ಎಲ್ಲಿದ್ದರೂ ಬರುತ್ತೇನೆ.