ಅಮ್ಮನ ಪಕ್ಕ ಕೂತವನು

ಜೂನ್ ೧೪, ಶುಕ್ರವಾರ

ಪಾರ್ಕಿನ ಮ್ಯಾನೇಜರಿಗೆ ನನ್ನ ಮೇಲೆ ದೂರು ಕೊಟ್ಟವನು ಬೇರೆ ಯಾರೂ ಅಲ್ಲ, ನನ್ನ ತಮ್ಮ. ಅದೊಂದೇ ತಲೆ ಕೊರೆಯುತ್ತಿದೆ.

ಭಾನುವಾರ ಪಾರ್ಕಿನ ಗೇಟು ಮುಚ್ಚಿದ ಮೇಲೆ ಅಮ್ಮನನ್ನು ಒಳಗೆ ಕರೆದುಕೊಂಡು ಹೋಗೋಣ ಎಂದು ಗೋಗರೆದವನೂ ಅವನೇ. "ನೀನು ಜಯಂಟ್ ವೀಲ್ ಓಡಿಸೋದನ್ನ ಅಮ್ಮ ಒಂದ್ಸಲನೂ ನೋಡಿಲ್ಲ ಕಣಕ್ಕ." ನಿಯಮಕ್ಕೆ ವಿರುದ್ಧ ಎಂದು ಗೊತ್ತಿದ್ದೂ ಒಪ್ಪಿದೆ. ಖಾಲಿ ಪಾರ್ಕು, ನಮ್ಮ ಮೂವರದೇ ರಾಜ್ಯ. ಅಮ್ಮ ಮರದ ಕುದುರೆ ಹತ್ತಿದಳು. ಪುಟಾಣಿ ರೈಲಿನಲ್ಲಿ ಕೂತು ಸೀಟಿ ಹೊಡೆಸಿದಳು. ವೀಲಿನಲ್ಲಿ ತಮ್ಮ ಅವಳ ಕೈ ಹಿಡಿದು ಕೂತ. ತುದಿಯಲ್ಲಿ "ಅಯ್ಯೋ, ಇಳಿಸೇ!" ಎಂದು ಕಿರುಚಿದವಳು ಕೆಳಗೆ ಬಂದದ್ದೇ "ಇನ್ನೊಂದು ಸುತ್ತು ಹಾಕೇ" ಎಂದಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಇವತ್ತು ಮ್ಯಾನೇಜರು ಕರೆದು ಅವರ ಫೋನಿನಲ್ಲಿ ಆ ನಗುವನ್ನೇ ತೋರಿಸಿದರು. ಅಮ್ಮನ ಪಕ್ಕದಲ್ಲೇ ಕೂತು ತೆಗೆದ ವಿಡಿಯೊ; ಅದರಲ್ಲಿ ಅಮ್ಮ ಇದ್ದಾಳೆ, ಕೆಳಗೆ ವೀಲ್ ಓಡಿಸುವ ನಾನಿದ್ದೇನೆ, ತೆಗೆದವನಿಲ್ಲ. ನನ್ನ ಕೆಲಸ ಹೋಯಿತು. ಇಷ್ಟು ದಿನ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ತಮ್ಮನಿಗೆ ನಾಳೆಯಿಂದ ನನ್ನ ಜಾಗ.

"ನಿಂಗೆ ಬೇರೆ ಕಡೆ ಸಿಗುತ್ತಕ್ಕ. ನಂಗೆ ಯಾರು ಕೊಡ್ತಾರೆ?" ಎಂದ. ಕಣ್ಣಲ್ಲಿ ನೀರು ಬೇರೆ.

ಅಮ್ಮನಿಗೆ ಏನೂ ಗೊತ್ತಿಲ್ಲ. ಊಟಕ್ಕೆ ಕೂತಾಗ "ಮತ್ತೆ ಯಾವಾಗ ಕರ್ಕೊಂಡು ಹೋಗ್ತೀಯೇ?" ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವನು, "ಇನ್ಮೇಲೆ ನಾನೇ ಕರ್ಕೊಂಡು ಹೋಗ್ತೀನಮ್ಮ" ಎಂದ.

ಅಮ್ಮ ಅವನ ತಲೆ ಸವರಿದಳು.

ಆಗಲೇ ಹೇಳಿಬಿಡಬೇಕಿತ್ತು. ಆದರೆ ಅಮ್ಮ ಅವತ್ತು ವೀಲಿನಿಂದ ಇಳಿದಾಗ ನಕ್ಕ ಹಾಗೇ ನಗುತ್ತಿದ್ದಳು.