ತಾಗದ ಲೋಟ

ಬೆಲ್‌ಗ್ರೇಡ್, ನವೆಂಬರ್ ೯

ರಾದೊಸಾವ್ ಮಾಮ,

ನಿಮ್ಮ ಬಾರ್ ಕೆಡವಿದ ಜಾಗದ ಫೋಟೋ ಕೇಳಿದ್ದಿರಿ, ಕಳಿಸಿದ್ದೇನೆ. ನನ್ನ ಆಟಿಕೆ ಕ್ಯಾಮೆರಾದಲ್ಲಿ ಹಳೆಯ ರೀಲೇ ಇತ್ತು, ಮುಂದಕ್ಕೆ ತಿರುಗಿಸಲು ಮರೆತೆ. "ತಿರುಗ್ಸೇ ಹುಡುಗಿ, ಇಲ್ಲಾಂದ್ರೆ ನಮ್ ತಲೆ ಮೇಲೆ ಇನ್ಯಾರನ್ನೋ ಕೂರಿಸ್ತೀಯ" ಎಂದು ಗೇಲಿ ಮಾಡುತ್ತಿದ್ದಿರಲ್ಲ, ಹಾಗೇ ಆಗಿದೆ: ಹಳೆಯ ಚಿತ್ರದ ಮೇಲೇ ಹೊಸದೂ ಬಿದ್ದಿದೆ. ಕಲ್ಲುರಾಶಿಯ ಮೇಲೆ ನೀವೂ ಅಪ್ಪನೂ ಹಣ್ಣಿನ ಮದ್ಯ ರಾಕಿಯಾದ ಲೋಟ ಹಿಡಿದು ನಿಂತಿದ್ದೀರಿ. ಆ ಹಳೆಯ ಚಿತ್ರ ಅಪ್ಪ ಸಾಯುವ ಹಿಂದಿನ ವಾರ ನಾನೇ ತೆಗೆದದ್ದು.

ಅಪ್ಪ ನಗುತ್ತಾ ಲೋಟ ಚಾಚಿದ್ದಾರೆ. ನೀವು ನಿಮ್ಮದನ್ನು ಎದೆಗೊತ್ತಿಕೊಂಡಿದ್ದೀರಿ. ಸತ್ತವರ ಹೆಸರಿನಲ್ಲಿ ಕುಡಿಯುವಾಗ ಮಾತ್ರ ನಾವು ಲೋಟ ತಾಗಿಸುವುದಿಲ್ಲವಲ್ಲ, ಮಾಮ.

ತಮ್ಮ ಕಾಯಿಲೆಯ ವಿಷಯ ಅಪ್ಪ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಅಮ್ಮ ಕೇಳಿದರೆ ರೀಲು ಹಾಳಾಯಿತು ಎನ್ನಿ. ಲೋಟ ಯಾವಾಗ ತಾಗಿಸುವುದಿಲ್ಲ ಎಂದು ಅವಳಿಗೂ ಗೊತ್ತು.

ನಿಮ್ಮ ಹುಡುಗಿ,
ದೆಸಾಂಕಾ